ಗಣಿತಜ್ಞ ಮಹಾವೀರಾಚಾರ್ಯರು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಮಾನ್ಯಖೇಟದಲ್ಲಿ, ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಆಳುತ್ತಿದ್ದ ಕಾಲದಲ್ಲಿ ಮಹಾವೀರಾಚಾರ್ಯರೆಂಬ ಜೈನ ಪಂಡಿತರು ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಅದು ಸುಮಾರು ಕ್ರಿ. ಶ. 850ರ ಮಾತು. ಅವರ ತಂದೆತಾಯಿಗಳಾರೆಂಬುದೂ ಹುಟ್ಟೂರು ಯಾವುದೆಂಬುದೂ ತಿಳಿಯಬಂದಿಲ್ಲ. ಗ್ರಂಥಾರಂಭದಲ್ಲಿ ಅರಸನನ್ನು ಕೊಂಡಾಡಿರುವುದರಿಂದ ಕಾಲ ಮಾತ್ರ ನಿರ್ಣಯವಾಗಿದೆ. ಆದಕಾರಣ ಅವರ ಚರಿತ್ರೆಯನ್ನು ಅವರ ಲೆಕ್ಕಗಳಲ್ಲಿಯೇ ಓದಬೇಕಾಗಿದೆ.

ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷದ ಗ್ರಂಥಗಳೊಳಗೆ ಸೇರಿಸಿದ್ದರು. ಆಚಾರ್ಯರಾದರೋ ಗಣಿತಕ್ಕೇ ಮೀಸಲಾದ ಒಂಬತ್ತು ಅಧ್ಯಾಯಗಳನ್ನು ಬರೆದರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದರು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆಂದು ಬರೆದದ್ದು ಮಾತ್ರ ಸರಿಯಲ್ಲ. ಅಷ್ಟು ದೊಡ್ಡವರ ತಪ್ಪನ್ನು ನಾವು ಮುಚ್ಚಿಡಬೇಕಾಗಿಲ್ಲ.

ವಿದ್ಯಾರ್ಥಿನಿಯರೇ, ಕನ್ನಡ ಪಾಠದ ಗುರುಲಘುಗಳನ್ನು ಸ್ವಲ್ಪ ನೆನೆಯಿರಿ. ಮೂರಕ್ಷರದ ಗಣಗಳು ಎಂಟು. ಇವನ್ನು ಮಗಣ ಮೊದಲಾಗಿ ನಗಣ ಕಡೆಯಾಗಿ ಕ್ರಮದಿಂದ ಬರೆಯುವುದಕ್ಕೆ ಪ್ರಸ್ತಾರವೆಂದು ಹೆಸರು. ಅದರ ಏಳನೆಯ ಸಾಲು ಅಳಿಸಿಹೋಯಿತೆನ್ನಿರಿ. ಉಳಿದ ಸಾಲುಗಳನ್ನು ನೋಡದೆ ಅದನ್ನು ತಿರುಗಿ ಬರೆಯುವ ವಿಧಾನಕ್ಕೆ ನಷ್ಟವೆನ್ನುವರು. ಪಿಂಗಲನಿಂದ ಬಂದ ಈ ವಿಧಾನವನ್ನು ಆಚಾರ್ಯರು ತಮ್ಮ ಗಣಿತದಲ್ಲಿ ಸೇರಿಸಿದರು. ಸಂಖ್ಯೆಯು ಸಮವಾದರೆ ಲಘುವನ್ನಿಟ್ಟು ಅರ್ಧಮಾಡಬೇಕು; ಬೆಸವಾದರೆ ಗುರುವನ್ನಿಟ್ಟು, ಒಂದನ್ನು ಕೂಡಿಸಿ ಅರ್ಧಮಾಡಬೇಕು. 7 ಬೆಸ, ಗುರು. 8ರ ಅರ್ಧ 4, ಸಮ, ಲಘು. ಅದರ ಅರ್ಧ 2, ಸಮ, ಲಘು. ಗುರು, ಲಘು, ಲಘು: ಭಗಣ.

ಈಗ ಗಣಕಯಂತ್ರದ ಪಾಠದಲ್ಲಿ ದಶಮಾನ ಸಂಖ್ಯೆಯನ್ನು ದ್ವಿಮಾನಕ್ಕೆ ತರುವ ಕ್ರಮವನ್ನು ನೋಡಿರಿ. ಏಳನೆಯ ಸಾಲಿಗೆ ಮುಂಚೆ ಆರು ಸಾಲುಗಳಿರುವುದರಿಂದ 6ನ್ನು ತೆಗೆದುಕೊಳ್ಳೋಣ. 6ನ್ನು 2ರಿಂದ ಭಾಗಿಸಲು ಲಬ್ಧ 3, ಶೇಷ 0. 3ನ್ನು ಭಾಗಿಸಲು ಲಬ್ಧ 1, ಶೇಷ 1. 1ನ್ನು ಭಾಗಿಸಲು ಲಬ್ಧ 0, ಶೇಷ 1. ಶೇಷಗಳನ್ನು ಕಡೆಯಿಂದ ಬರೆದರೆ 110. ಗುರುವಿಗೆ 0, ಲಘುವಿಗೆ 1 ಎಂದಿಟ್ಟು ಭಗಣವನ್ನು ಬಲದಿಂದ ಎಡಕ್ಕೆ ಓದಿದರೂ ಅದೇ! ಹಾಗೆಂದು ಆಚಾರ್ಯರೇ ದ್ವಿಮಾನ ಅಂಕಗಳನ್ನು ಕಂಡುಹಿಡಿದರೆಂದು ಜಂಬಪಡುವುದು ನ್ಯಾಯವಲ್ಲ. 0, 1ಗಳಿಂದಲೇ ಸಂಖ್ಯೆಗಳನ್ನು ಬರೆದು ಲೆಕ್ಕಮಾಡುವ ಬಗೆಯನ್ನು ಜರ್ಮನಿಯ ಲೈಬ್ನಿಟ್ಸನು 1703ರಲ್ಲಿ ಪ್ರಕಟಿಸಿದನು. ಅರ್ಧಿಸುತ್ತ ಹೋಗುವ ಯುಕ್ತಿಯು ಮಾತ್ರ ನಮ್ಮವರಿಗೆ ಬಹು ಹಿಂದೆಯೇ ಕೈಗತವಾಗಿತ್ತು. ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರ. ಅಷ್ಟಕ್ಷರದ ಪ್ರಸ್ತಾರದಲ್ಲಿ 10,48,576 ಸಾಲುಗಳು. ಇದನ್ನು ತಿಳಿಯಲು 2ನ್ನು ಇಪ್ಪತ್ತು ಸಲ ಗುಣಿಸುತ್ತ ಕೂಡಬೇಕಾಗಿಲ್ಲ. 20ನ್ನು ಅರ್ಧಿಸುತ್ತ ಬಂದು, ಹಿಂದಿರುಗುವಾಗ ವರ್ಗಮಾಡುತ್ತ ಹೋದರೆ ಆರೇ ಹೆಜ್ಜೆಗಳು ಸಾಕು. ಈ ಸೂತ್ರವೂ ಅವರ ಗ್ರಂಥದಲ್ಲುಂಟು.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಭಾಷಾಂತರದೊಡನೆ ಅಚ್ಚುಮಾಡಿಸಿದರು. ಕನ್ನಡ ಅನುವಾದವು ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ 2000ದಲ್ಲಿ ಹೊರಬಂದಿತು. ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳ ಬಾಲೆಯರಿಗೆ ಅದೇನೂ ದೂರದ ಊರಲ್ಲ. ಜಗಳೂರಿನವರಿಗೆ ಮಾತ್ರ ಪ್ರಯಾಣ ತುಸು ಹೆಚ್ಚು. ಅದುವರೆಗೆ ನಾಲ್ಕಕ್ಷರದ ಪ್ರಸ್ತಾರದಲ್ಲಿ 13ನೆಯ ಸಾಲು ಯಾವುದೆಂದು ಮಾಡಿನೋಡಿರಿ.