ಜಾನ್ ಲೌಡನ್ ಮೆಕ್ಯಾಡಂ

ಜಾನ್ ಲೌಡನ್ ಮೆಕ್ಯಾಡಂ (1756 – 26 ನವೆಂಬರ್ 1836) ಸ್ಕಾಟ್ಲೆಂಡಿನ ರಸ್ತೆ ನಿರ್ಮಾಣ ತಜ್ಞರು. ಒಡೆದ ಸಣ್ಣ ಜಲ್ಲಿಯನ್ನು ಮಾತ್ರ ಬಳಸಿ, ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರದಲ್ಲಿ, ನಡುವೆ ಅಲ್ಪವಾದ ಉಬ್ಬನ್ನಿಟ್ಟು ರಸ್ತೆ ಮಾಡುವ ವಿಧಾನವನ್ನು ಇವರು ರೂಪಿಸಿದರು. ಆ ವಿಧಾನಕ್ಕೆ ಇವರ ಹೆಸರೇ ನಿಂತಿದೆ. ಇಂದು ಸಿವಿಲ್ ಇಂಜಿನಿಯರುಗಳು ಗಣಕಯಂತ್ರದಲ್ಲಿ ರಸ್ತೆಯ ಅಡ್ಡಛೇದವನ್ನು ಬಿಡಿಸಿ, ಅದರ ಒಂದೊಂದು ಬಿಂದುವಿನ ಪಕ್ಕದಲ್ಲೂ ಮಧ್ಯರೇಖೆಯಿಂದ ಇರುವ ದೂರವನ್ನೂ ಮಟ್ಟವನ್ನೂ ನಮೂದಿಸುತ್ತಾರೆ. ರಸ್ತೆಯ ಆಯುಷ್ಯವು ಅಡ್ಡಛೇದದ ಇಂತಹ ಸಣ್ಣ ಅಳತೆಗಳಲ್ಲಿಯೇ ಅಡಗಿದೆ ಎಂಬುದನ್ನು ಸಾಧಿಸಿ ತೋರಿಸಿದವರಲ್ಲಿ ಮೆಕ್ಯಾಡಂ ಪ್ರಮುಖರು. ಡಾಂಬರು ರಸ್ತೆಯನ್ನು ಕಂಡುಹಿಡಿದವರು ಇವರೇ ಎಂಬ ಮಾತು ವಿದ್ಯಾರ್ಥಿಗಳ ಉತ್ತರಗಳಲ್ಲಿ ಆಗಾಗ ಕಾಣುತ್ತದೆ, ಅದು ಸರಿಯಲ್ಲ.

ಆರಂಭಿಕ ಜೀವನ

ಮೆಕ್ಯಾಡಂ ಹುಟ್ಟಿದ್ದು ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ. 1770ರಲ್ಲಿ ತಂದೆ ತೀರಿಕೊಂಡಾಗ ಹದಿನಾಲ್ಕು ವರ್ಷದ ಬಾಲಕನನ್ನು ನ್ಯೂಯಾರ್ಕಿನಲ್ಲಿ ವ್ಯಾಪಾರಿಯಾಗಿದ್ದ ಚಿಕ್ಕಪ್ಪನ ಬಳಿಗೆ ಕಳುಹಿಸಲಾಯಿತು. ಅಲ್ಲಿ ವ್ಯಾಪಾರವನ್ನು ಕಲಿತು, ಅಮೆರಿಕದ ಸ್ವಾತಂತ್ರ್ಯ ಸಮರದ ವರ್ಷಗಳಲ್ಲಿ ಬ್ರಿಟಿಷರ ಪರವಾಗಿ ನಿಂತು, ವಶಪಡಿಸಿಕೊಂಡ ಹಡಗುಗಳ ಸರಕನ್ನು ವಿಲೇವಾರಿ ಮಾಡುವ ಪ್ರತಿನಿಧಿಯಾಗಿ ಹಣ ಗಳಿಸಿದರು. 1778ರಲ್ಲಿ ಗ್ಲೋರಿಯಾನಾ ನಿಕಲ್ ಅವರನ್ನು ವಿವಾಹವಾದರು. ಯುದ್ಧದಲ್ಲಿ ಬ್ರಿಟನ್ ಸೋತ ಮೇಲೆ, 1783ರಲ್ಲಿ, ಸಂಸಾರಸಮೇತ ತಾಯ್ನಾಡಿಗೆ ಮರಳಿ ಏರ್‌ಶೈರಿನ ಸಾಕ್ರಿ ಎಂಬಲ್ಲಿ ಜಮೀನನ್ನು ಕೊಂಡರು.

ಇಂಜಿನಿಯರಿಂಗ್ ಶಿಕ್ಷಣ ಇವರಿಗೆ ಇರಲಿಲ್ಲ. ರಸ್ತೆಯ ಸಹವಾಸ ಆರಂಭವಾದದ್ದು ಊರಿನ ಜಮೀನುದಾರರೆಂಬ ಕಾರಣಕ್ಕೆ ಟರ್ನ್‌ಪೈಕ್ ಟ್ರಸ್ಟಿನ ಸದಸ್ಯತ್ವ ದೊರೆತಾಗ. ಟರ್ನ್‌ಪೈಕ್ ಟ್ರಸ್ಟ್ ಎಂದರೆ ಪ್ರಯಾಣಿಕರಿಂದ ಸುಂಕವನ್ನು ಸಂಗ್ರಹಿಸಿ ರಸ್ತೆಯನ್ನು ನೋಡಿಕೊಳ್ಳುತ್ತಿದ್ದ ಸ್ಥಳೀಯ ಮಂಡಳಿ. ಸುಂಕ ವಸೂಲಾಗುತ್ತಿತ್ತು, ರಸ್ತೆ ಮಾತ್ರ ಹದಗೆಟ್ಟೇ ಇರುತ್ತಿತ್ತು. ಇದೇ ಅವಧಿಯಲ್ಲಿ ಇವರು ಕಲ್ಲಿದ್ದಲಿನಿಂದ ಟಾರನ್ನು ತೆಗೆಯುವ ಬ್ರಿಟಿಷ್ ಟಾರ್ ಕಂಪನಿಯ ವ್ಯವಹಾರದಲ್ಲಿಯೂ ತೊಡಗಿದ್ದರು. ಟಾರು ತಯಾರಿಕೆಯನ್ನು ಕೈಯಾರೆ ಬಲ್ಲವರು ತಮ್ಮ ರಸ್ತೆಗಳಿಗೆ ಅದನ್ನು ಬಳಸಲೇ ಇಲ್ಲ ಎಂಬುದು ಸೋಜಿಗದ ಸಂಗತಿ. ಆ ಕಾಲದಲ್ಲಿ ಟಾರು ಬೇಕಾಗಿದ್ದುದು ಹಡಗುಗಳ ಮರಕ್ಕೆ.

1798ರಲ್ಲಿ ನೌಕಾಪಡೆಗೆ ಆಹಾರ ಸಾಮಗ್ರಿ ಒದಗಿಸುವ ಹೊಣೆ ಹೊತ್ತು ಇಂಗ್ಲೆಂಡಿನ ಫಾಲ್‌ಮತ್‌ಗೆ ಹೋದ ಮೆಕ್ಯಾಡಂ, ಮುಂದೆ ಬ್ರಿಸ್ಟಲ್‌ನಲ್ಲಿ ನೆಲೆಸಿದರು. ಈ ವರ್ಷಗಳಲ್ಲಿ ಸ್ವಂತ ಖರ್ಚಿನಲ್ಲಿ ದೇಶವನ್ನು ಸುತ್ತಿ, ಎಲ್ಲಿಯ ರಸ್ತೆ ಏಕೆ ಕೆಟ್ಟಿದೆ ಎಂಬುದನ್ನು ಪರಿಶೀಲಿಸಿದರು. ಹೀಗೆ ಅವರು ನೋಡಿದ ರಸ್ತೆಗಳ ಒಟ್ಟು ಉದ್ದ 30,000 ಮೈಲಿಗೂ ಹೆಚ್ಚು. ವೆಚ್ಚವಾದದ್ದು 5,000 ಪೌಂಡಿಗೂ ಮಿಕ್ಕಿ.

ರಸ್ತೆಯ ಅಡ್ಡಛೇದ

ಅಂದಿನ ರಸ್ತೆಗಳಲ್ಲಿ ಎರಡು ದೋಷಗಳಿದ್ದವು. ದಪ್ಪ ಕಲ್ಲು, ಮಣ್ಣು, ಸೀಮೆಸುಣ್ಣದ ಕಲ್ಲುಗಳನ್ನು ಒಟ್ಟಿಗೆ ಸುರಿಯುತ್ತಿದ್ದುದರಿಂದ ಮಳೆಯ ನೀರು ಒಳಗೆ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ರಸ್ತೆಯನ್ನು ಸೀಳುತ್ತಿತ್ತು. ನೀರು ಹರಿದುಹೋಗಲೆಂದು ನಡುವನ್ನು ವಿಪರೀತ ಎತ್ತರಿಸುತ್ತಿದ್ದುದರಿಂದ ಗಾಡಿಗಳು ಉರುಳುವ ಭಯಕ್ಕೆ ನಟ್ಟನಡುವೆಯೇ ಸಾಗುತ್ತಿದ್ದವು. ಆಗ ಚಕ್ರದ ಜಾಡು ಅಲ್ಲಿಯೇ ಆಳವಾಗಿ, ನೀರು ಹರಿಯುವ ಬದಲು ಜಾಡಿನಲ್ಲಿ ನಿಲ್ಲುತ್ತಿತ್ತು.

ಮೆಕ್ಯಾಡಂ ಅವರ ವಾದ ಸರಳವಾಗಿತ್ತು. ಭಾರವನ್ನು ಹೊರುವುದು ಕಲ್ಲಲ್ಲ, ಕೆಳಗಿನ ನೆಲ. ನೆಲ ಒಣಗಿದ್ದರೆ ಎಷ್ಟು ಭಾರವನ್ನಾದರೂ ಹೊರಬಲ್ಲದು. ಮೇಲಿನ ಜಲ್ಲಿ ಆ ನೆಲಕ್ಕೊಂದು ಮಾಡು ಮಾತ್ರ. ಆದ್ದರಿಂದ ರಸ್ತೆಯ ತಳವನ್ನು ಹಳ್ಳ ತೋಡಿ ತಗ್ಗಿಸಬಾರದು, ಅಕ್ಕಪಕ್ಕದ ನೆಲಕ್ಕಿಂತ ಮೇಲಿರಿಸಬೇಕು. ಬದಿಯ ಚರಂಡಿಯ ನೀರು ತಳಮಟ್ಟಕ್ಕಿಂತ ಕೆಳಗೇ ಇರಬೇಕು. ಜಲ್ಲಿಯ ಒಟ್ಟು ದಪ್ಪ 10 ಅಂಗುಲವಿದ್ದರೆ ಸಾಕು. ಒಂದೊಂದು ಕಲ್ಲಿನ ತೂಕ 6 ಔನ್ಸ್, ಅಂದರೆ ಸುಮಾರು 170 ಗ್ರಾಂ, ಮೀರಬಾರದು. ಹೊಂದಿಕೆಗೆಂದು ಮಣ್ಣನ್ನಾಗಲಿ ಮರಳನ್ನಾಗಲಿ ಬೆರೆಸಬಾರದು. ಕಲ್ಲಿನ ಮೊನಚು ಅಂಚುಗಳು ಗಾಡಿಗಳ ಕಬ್ಬಿಣದ ಪಟ್ಟಿಯ ಒತ್ತಡಕ್ಕೆ ಒಂದಕ್ಕೊಂದು ಕಚ್ಚಿಕೊಂಡು ತಾವೇ ಗಟ್ಟಿಯಾಗುತ್ತವೆ. ತೂಕ ನೋಡಲು ಮೇಲ್ವಿಚಾರಕರು ಸಣ್ಣ ತಕ್ಕಡಿಯನ್ನು ಜೊತೆಗೆ ಒಯ್ಯುತ್ತಿದ್ದರು.

ಇವುಗಳಲ್ಲಿ ಅತಿ ಸೂಕ್ಷ್ಮವಾದದ್ದು ನಡುವಿನ ಉಬ್ಬು. 30 ಅಡಿ ಅಗಲದ ರಸ್ತೆಗೆ ಮಧ್ಯದಲ್ಲಿ 3 ಅಂಗುಲ ಎತ್ತರ ಸಾಕೆಂದು ಅವರು ನಿಗದಿಪಡಿಸಿದರು. ಮಧ್ಯದಿಂದ ಅಂಚಿಗೆ 15 ಅಡಿ, ಅಂದರೆ 180 ಅಂಗುಲ. ಇಳಿಜಾರು 60ಕ್ಕೆ 1. ನಿಂತು ನೋಡಿದರೆ ಇಂತಹ ರಸ್ತೆ ಬಹುಮಟ್ಟಿಗೆ ಸಪಾಟಾಗಿಯೇ ಕಾಣುತ್ತದೆ. ಗಾಡಿ ಅಗಲದುದ್ದಕ್ಕೂ ಎಲ್ಲಿ ಬೇಕಾದರೂ ಓಡಬಹುದು, ನೀರು ಮಾತ್ರ ನಿಲ್ಲುವುದಿಲ್ಲ.

ಇಂದಿನ ಅಡ್ಡಛೇದದ ನಕ್ಷೆಯಲ್ಲಿ ಇದೇ ರಸ್ತೆಯನ್ನು ಬರೆದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಧ್ಯಬಿಂದುವಿನ ಅಂತರ 0.000, ಮಟ್ಟ 100.000 ಮೀಟರ್ ಎಂದು ಇಟ್ಟುಕೊಂಡರೆ, ಎಡ ಅಂಚು –4.572, ಬಲ ಅಂಚು +4.572, ಎರಡೂ ಅಂಚುಗಳ ಮಟ್ಟ 99.924. ಎತ್ತರಕ್ಕೂ ಅಗಲಕ್ಕೂ ಒಂದೇ ಪ್ರಮಾಣ ಬಳಸಿದ ನಕ್ಷೆಯಲ್ಲಿ ಈ 76 ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಕಷ್ಟ. ಆದಕಾರಣ ಎತ್ತರದ ಪ್ರಮಾಣವನ್ನು ಹಿಗ್ಗಿಸಿ ಬರೆಯುವ ರೂಢಿ ಇದೆ. ಹಾಗೆ ಹಿಗ್ಗಿಸಿದ ಮೇಲೆ ಗೆರೆಯನ್ನು ಅಳೆದು ಇಳಿಜಾರನ್ನು ತಿಳಿಯಲಾಗದು, ಪಕ್ಕದಲ್ಲಿ ನಮೂದಿಸಿದ ಅಂಕಿಗಳನ್ನೇ ನಂಬಬೇಕಾಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ತೆರೆಯ ಮೇಲೆ ಅಡ್ಡಛೇದವನ್ನು ಇರಿಸಿದ ಸ್ಥಳದ ನಿರ್ದೇಶಾಂಕಗಳಿಗೂ ಭೂಮಿಯ ಮೇಲಿನ ನಿರ್ದೇಶಾಂಕಗಳಿಗೂ ಸಂಬಂಧವಿಲ್ಲ. ಸಿವಿಲ್ 3ಡಿಯಂತಹ ತಂತ್ರಾಂಶಗಳಲ್ಲಿ ರಸ್ತೆಯ ಮಧ್ಯರೇಖೆಯನ್ನು ಆಧಾರವಾಗಿಟ್ಟುಕೊಂಡ ಅಂತರ ಮತ್ತು ಮಟ್ಟಗಳನ್ನು ನಮೂದಿಸುವುದು ಇದಕ್ಕಾಗಿಯೇ. ಕಾಮಗಾರಿಯ ಸ್ಥಳದಲ್ಲಿ ಗೂಟ ನೆಡುವವರಿಗೆ ಬೇಕಾಗುವುದೂ ಅವೇ ಅಂಕಿಗಳು.

ಬ್ರಿಸ್ಟಲ್ ಮತ್ತು ಸಂಸತ್ತು

1816ರಲ್ಲಿ ಬ್ರಿಸ್ಟಲ್ ಟರ್ನ್‌ಪೈಕ್ ಟ್ರಸ್ಟಿನ ರಸ್ತೆಗಳ ಮೇಲ್ವಿಚಾರಣೆ ಮೆಕ್ಯಾಡಂ ಅವರ ಕೈಗೆ ಬಂದಿತು. ಆಗ ಅವರಿಗೆ ಅರುವತ್ತರ ಹತ್ತಿರ ವಯಸ್ಸು. ಹೆಸರು ತಂದ ಕೆಲಸವೆಲ್ಲ ನಡೆದದ್ದು ಅನಂತರವೇ. ಹಳೆಯ ರಸ್ತೆಗಳನ್ನು ಅಗೆಸಿ, ಅಲ್ಲಿದ್ದ ದಪ್ಪ ಕಲ್ಲುಗಳನ್ನೇ ಒಡೆಸಿ ಮತ್ತೆ ಹಾಸಿದರು. ಅದುವರೆಗೆ ಗಟ್ಟಿಮುಟ್ಟಾದ ಗಂಡಾಳುಗಳು ನಿಂತು ದೊಡ್ಡ ಸುತ್ತಿಗೆಯಿಂದ ಕಲ್ಲೊಡೆಯುತ್ತಿದ್ದರು. ಕುಳಿತು ಸಣ್ಣ ಸುತ್ತಿಗೆಯಿಂದ ಒಡೆಯುವ ಕ್ರಮವನ್ನು ಇವರು ತಂದಿದ್ದರಿಂದ ಹೆಂಗಸರು, ಮುದುಕರು, ಮಕ್ಕಳು ಸಹ ಈ ಕೆಲಸಕ್ಕೆ ಬಂದರು. ಬಡವರಿಗೆ ಕೂಲಿ ಸಿಕ್ಕಿತೆಂದು ಆ ಕಾಲದವರು ಇದನ್ನು ಕೊಂಡಾಡಿದರು. ಮಕ್ಕಳ ಕೈಗೆ ಸುತ್ತಿಗೆ ಬಂದದ್ದನ್ನು ಇಂದು ನಾವು ಅಷ್ಟು ಸಲೀಸಾಗಿ ಮೆಚ್ಚಲಾರೆವು.

1816ರಲ್ಲಿಯೂ 1819ರಲ್ಲಿಯೂ ಇವರು ರಸ್ತೆ ನಿರ್ಮಾಣವನ್ನು ಕುರಿತು ಪುಸ್ತಕಗಳನ್ನು ಪ್ರಕಟಿಸಿದರು. ಸಂಸತ್ತಿನ ಸಮಿತಿಗಳ ಮುಂದೆ ಸಾಕ್ಷ್ಯ ನುಡಿದರು. ರಸ್ತೆ ಹಾಳಾಗದಂತೆ ಗಾಡಿಗಳ ಚಕ್ರ ಇಷ್ಟೇ ಅಗಲವಿರಬೇಕೆಂದು ಕಾನೂನು ಮಾಡುವುದನ್ನು ಅವರು ಒಪ್ಪಲಿಲ್ಲ. ಓಡುವ ಗಾಡಿಗೆ ತಕ್ಕಂತೆ ರಸ್ತೆ ಇರಬೇಕೇ ಹೊರತು ರಸ್ತೆಗೆ ತಕ್ಕಂತೆ ಗಾಡಿಯಲ್ಲ ಎಂಬುದು ಅವರ ನಿಲುವು.

ಸಮಕಾಲೀನರಾದ ಥಾಮಸ್ ಟೆಲ್‌ಫರ್ಡ್ ದಪ್ಪ ಕಲ್ಲುಗಳನ್ನು ಕೈಯಿಂದ ಜೋಡಿಸಿದ ಅಡಿಪಾಯದ ಮೇಲೆ ರಸ್ತೆ ಕಟ್ಟುತ್ತಿದ್ದರು. ಅದು ಭದ್ರವಾದರೂ ದುಬಾರಿ. ಮೆಕ್ಯಾಡಂ ಅಂತಹ ಅಡಿಪಾಯವೇ ಅನಗತ್ಯವೆಂದರು. ಸೋಮರ್‌ಸೆಟ್‌ನ ಜೌಗು ನೆಲದ ಮೇಲೆ ಹಾದುಹೋಗುವ ರಸ್ತೆಯು ಬಂಡೆಯ ಮೇಲಿನ ರಸ್ತೆಗಿಂತ ಕಡಿಮೆ ಸವೆಯುತ್ತದೆಂದು ಉದಾಹರಣೆ ಕೊಟ್ಟರು. ಅಡಿಪಾಯದ ವಿಷಯದಲ್ಲಿ ಟೆಲ್‌ಫರ್ಡ್ ಅವರ ಪಕ್ಷವೂ ಪೂರ್ತಿ ಸುಳ್ಳಾಗಲಿಲ್ಲ. ಭಾರಿ ವಾಹನಗಳ ಇಂದಿನ ಹೆದ್ದಾರಿಗಳಿಗೆ ಹಲವು ಪದರಗಳ ದಪ್ಪ ತಳಹದಿ ಬೇಕೇ ಬೇಕು. ಆದರೆ ನೆಲವನ್ನು ಒಣದಾಗಿಡಬೇಕೆಂಬ ಮೆಕ್ಯಾಡಂ ಮಾತನ್ನು ಯಾರೂ ತಳ್ಳಿಹಾಕಿಲ್ಲ.

ವಿರೋಧ ಇತರ ಕಡೆಗಳಿಂದಲೂ ಬಂದಿತು. ಹೊಸತೇನನ್ನೂ ಕಂಡುಹಿಡಿಯಲಿಲ್ಲವೆಂದು ಕೆಲವರು ಜರೆದರು. ಮಕ್ಕಳು ಮೊಮ್ಮಕ್ಕಳೆಲ್ಲ ಒಂದಲ್ಲ ಒಂದು ಟ್ರಸ್ಟಿನ ಹುದ್ದೆಯಲ್ಲಿದ್ದುದು ಟೀಕೆಗೆ ಗುರಿಯಾಯಿತು. ಲಂಡನ್ನಿನ ಬೀದಿಗಳಿಗೆ ಜಲ್ಲಿ ಹಾಸಿದಾಗ ಬೇಸಗೆಯ ಧೂಳು, ಮಳೆಗಾಲದ ಕೆಸರುಗಳ ಬಗ್ಗೆ ದೂರುಗಳೆದ್ದವು. ಕೊನೆಗೆ ಸಂಸತ್ತು ಇವರು ಕೈಯಿಂದ ಹಾಕಿದ ಹಣವನ್ನು ಭರಿಸಿ, ಗೌರವಧನವನ್ನೂ ಮಂಜೂರು ಮಾಡಿತು. ನೈಟ್ ಪದವಿಯನ್ನು ಇವರು ಸ್ವೀಕರಿಸಲಿಲ್ಲ. 1834ರಲ್ಲಿ ಅದು ಮಗ ಜೇಮ್ಸ್ ಅವರಿಗೆ ಸಂದಿತು.

ಕೊನೆಯ ವರ್ಷಗಳು

ಇಳಿವಯಸ್ಸಿನಲ್ಲಿಯೂ ಮೆಕ್ಯಾಡಂ ಬೇಸಗೆಯಲ್ಲಿ ಸ್ಕಾಟ್ಲೆಂಡಿಗೆ ಹೋಗಿಬರುತ್ತಿದ್ದರು. 1836ರಲ್ಲಿ ಅಂತಹ ಒಂದು ಪ್ರವಾಸದಿಂದ ಹಿಂದಿರುಗುವಾಗ ಡಂಫ್ರೀಸ್‌ಶೈರಿನ ಮಾಫಟ್ ಎಂಬಲ್ಲಿ ತೀರಿಕೊಂಡರು. ಸಮಾಧಿ ಅಲ್ಲಿಯೇ ಇದೆ.

ಹೆಸರಿನ ಬಳಕೆ

ಅಮೆರಿಕದ ಮೇರಿಲೆಂಡಿನಲ್ಲಿ 1823ರಲ್ಲಿ ಈ ವಿಧಾನದ ಅಲ್ಲಿಯ ಮೊದಲ ರಸ್ತೆ ಸಿದ್ಧವಾಯಿತು. ಮೋಟಾರು ವಾಹನಗಳು ಬಂದ ಮೇಲೆ ರಬ್ಬರ್ ಚಕ್ರಗಳು ಜಲ್ಲಿಯ ಪುಡಿಯನ್ನು ಎಳೆದೆಬ್ಬಿಸತೊಡಗಿದವು. 1902ರಲ್ಲಿ ಎಡ್ಗರ್ ಪರ್ನೆಲ್ ಹೂಲಿ ಎಂಬ ಇಂಜಿನಿಯರ್ ಟಾರನ್ನು ಬೆರೆಸಿದ ಜಲ್ಲಿಗೆ ಪೇಟೆಂಟ್ ಪಡೆದರು. ಟಾರ್ಮ್ಯಾಕ್ ಎಂಬ ಹೆಸರು ಹುಟ್ಟಿದ್ದು ಹೀಗೆ.

ಕರ್ನಾಟಕವೂ ಸೇರಿದಂತೆ ಭಾರತದ ಲೋಕೋಪಯೋಗಿ ಕಾಮಗಾರಿಗಳ ಅಂದಾಜುಪಟ್ಟಿಗಳಲ್ಲಿ ವಾಟರ್ ಬೌಂಡ್ ಮೆಕ್ಯಾಡಂ, ವೆಟ್ ಮಿಕ್ಸ್ ಮೆಕ್ಯಾಡಂ, ಬಿಟುಮಿನಸ್ ಮೆಕ್ಯಾಡಂ ಎಂಬ ಪದರಗಳ ಹೆಸರುಗಳು ಇಂದಿಗೂ ಇವೆ. ಇವುಗಳಲ್ಲಿ ಮೊದಲನೆಯದರಲ್ಲಿ ಜಲ್ಲಿಯ ಸಂದುಗಳಿಗೆ ಕಲ್ಲಿನ ಪುಡಿಯನ್ನೂ ಮಣ್ಣನ್ನೂ ತುಂಬಿ, ನೀರು ಹಾಕಿ ರೋಲರಿನಿಂದ ಅದುಮುತ್ತಾರೆ. ಮೆಕ್ಯಾಡಂ ಬೇಡವೆಂದಿದ್ದ ಬೆರಕೆಯೇ ಅವರ ಹೆಸರಿನಲ್ಲಿ ನಡೆಯುತ್ತಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಈ ಬಗೆಯ ರಸ್ತೆಗೆ ಅಡ್ಡ ಇಳಿಜಾರು ಶೇಕಡಾ 2.5ರಿಂದ 3, ಉತ್ತಮ ದರ್ಜೆಯ ಡಾಂಬರು ಮತ್ತು ಕಾಂಕ್ರೀಟು ರಸ್ತೆಗಳಿಗೆ 1.7ರಿಂದ 2. ಮೆಕ್ಯಾಡಂ ಹೇಳಿದ 60ಕ್ಕೆ 1 ಎಂದರೆ ಸುಮಾರು ಶೇಕಡಾ 1.7.