ಪಂಡಿತಾ ರಮಾಬಾಯಿ: ಪ್ರಾರ್ಥನೆಯೂ ಸೇವೆಯೂ

ಸಮಾಜ ವಿಜ್ಞಾನದ ಪಾಠದಲ್ಲಿ ಪಂಡಿತಾ ರಮಾಬಾಯಿಯವರ ಹೆಸರು ಸಮಾಜ ಸುಧಾರಕರ ಪಟ್ಟಿಯಲ್ಲಿ ಬಂದು ಹೋಗುತ್ತದೆ. ಅವರ ಸೇವೆಯ ಹಿಂದಿದ್ದ ಪ್ರಾರ್ಥನೆಯನ್ನು ಬಿಟ್ಟು ಹೇಳಿದರೆ ಆ ಬದುಕು ಅರ್ಧಕ್ಕೇ ನಿಲ್ಲುತ್ತದೆ.

ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಪತ್ನಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ವಿರೋಧ ಕಟ್ಟಿಕೊಂಡವರು. ತಾಯಿ ಲಕ್ಷ್ಮೀಬಾಯಿಯವರೇ ಮಗಳಿಗೆ ಗುರುವಾದರು. ಪುರಾಣ ಹೇಳುತ್ತ ತೀರ್ಥಕ್ಷೇತ್ರಗಳನ್ನು ಸುತ್ತುತ್ತಿದ್ದ ಕುಟುಂಬವನ್ನು 1870ರ ದಶಕದ ಬರಗಾಲ ಒಡೆಯಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣನೊಡನೆ ರಮಾಬಾಯಿಯವರು ಹಸಿವಿನಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ತಲುಪಿದರು. ಅಲ್ಲಿನ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು.

1880ರಲ್ಲಿ ಅಣ್ಣ ತೀರಿಕೊಂಡ ಮೇಲೆ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರನ್ನು ಜಾತಿಯ ಕಟ್ಟು ಮೀರಿ ಮದುವೆಯಾದರು. 1882ರಲ್ಲಿ ಕಾಲರಾ ಪತಿಯನ್ನು ಒಯ್ದಿತು. ಪುಟ್ಟ ಮಗಳು ಮನೋರಮೆಯೊಂದಿಗೆ ಪುಣೆಗೆ ಬಂದ ಆ ವಿಧವೆ, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದಾಗ, ಸಮಾಜ ಹೊರದೂಡಿದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಆದರದಿಂದ ನೋಡಿಕೊಳ್ಳುವುದನ್ನು ಕಂಡರು. ಪ್ರಾರ್ಥಿಸುವವರೇ ಆರೈಕೆಗೂ ಕೈ ಹಾಕಿದ್ದರು. ಅದೇ ವರ್ಷ ವಾಂಟೇಜಿನಲ್ಲಿ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಅಮೆರಿಕದ ಬೆಂಬಲಿಗರ ನೆರವಿನಿಂದ 1889ರಲ್ಲಿ ಮುಂಬಯಿಯಲ್ಲಿ, ಬಾಲವಿಧವೆಯರಿಗೆಂದು ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಸದನದಲ್ಲಿ ಮತಬೋಧನೆ ಇರಬಾರದೆಂಬುದು ಒಪ್ಪಂದ. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಇದು ಒಪ್ಪಂದಭಂಗವೆಂದು 1893ರಲ್ಲಿ ರಾನಡೆ, ಭಂಡಾರಕರರಂಥ ಹಿತೈಷಿಗಳೂ ದೂರ ಸರಿದರು. ಹಲವು ಪೋಷಕರು ಮಕ್ಕಳನ್ನು ಕರೆದೊಯ್ದರು. ಅವರು ಬಾಗಿಲು ಮುಚ್ಚಲಿಲ್ಲ, ಸದನವನ್ನೂ ಮುಚ್ಚಲಿಲ್ಲ.

1896–97ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಂತು. ಹಸಿವೆಂದರೇನೆಂದು ಅವರಿಗೆ ಗೊತ್ತಿತ್ತು. ಕೈಯಲ್ಲಿ ಸಾಕಷ್ಟು ಹಣವಿಲ್ಲದಿದ್ದರೂ ದೇವರನ್ನು ನಂಬಿ ಹೊರಟು, ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಅವರಿಗಾಗಿ ಪುಣೆಯ ಬಳಿಯ ಕೆಡಗಾಂವ್‌ನ ಜಮೀನಿನಲ್ಲಿ ಮುಕ್ತಿ ಸದನ ಬೆಳೆಯಿತು. ಅದೇ ಸಮಯದಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಳ್ಳುವ ರೀತಿಯನ್ನು ಖಂಡಿಸಿ ಪತ್ರಿಕೆಗೆ ಬರೆದರು. ಆಳುವವರು ತಮ್ಮ ಮತದವರೇ ಎಂದು ಸುಮ್ಮನಿರಲಿಲ್ಲ.

1900ರ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು 1,500 ಮಂದಿ ಇದ್ದರು. ನೇಯ್ಗೆ, ಬೇಸಾಯ, ಹೈನು, ಎಣ್ಣೆ ತೆಗೆಯುವುದು, ಅಚ್ಚುಕೂಟದ ಕೆಲಸ ಎಲ್ಲವನ್ನೂ ಹೆಂಗಸರೇ ಕಲಿತರು. ಕುರುಡರು ಬ್ರೈಲ್ ಕಲಿತರು. 1905ರ ಜನವರಿಯಲ್ಲಿ ರಮಾಬಾಯಿಯವರು ಕರೆದಾಗ ಸುಮಾರು 70 ಹುಡುಗಿಯರು ದಿನವೂ ಪ್ರಾರ್ಥನೆಗೆ ಸೇರತೊಡಗಿದರು. ಬರಬರುತ್ತ ಸಂಖ್ಯೆ ನೂರಾರಾಯಿತು. ಮುಂದೆ ಗುಲ್ಬರ್ಗದಲ್ಲೂ ಅವರ ಶಾಲೆಯೊಂದು ನಡೆಯಿತು.

1921ರಲ್ಲಿ ಮಗಳು ಮನೋರಮೆ ತೀರಿಕೊಂಡರು. ಸರಳ ಮರಾಠಿಗೆ ಬೈಬಲ್ ಅನುವಾದಿಸುವ ಕೆಲಸವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರೂ ಕಣ್ಣು ಮುಚ್ಚಿದರು. ಮುಕ್ತಿ ಸದನ ಇಂದಿಗೂ ನಡೆಯುತ್ತಿದೆ.

ಪ್ರಶಿಕ್ಷಣಾರ್ಥಿಗಳು ಈ ಪಾಠಕ್ಕೆ ಕಪ್ಪುಹಲಗೆಯಲ್ಲಿ ಎರಡು ಅಂಕಣ ಎಳೆಯಬಹುದು: ರಮಾಬಾಯಿಯವರು ಕಂಡ ದುಃಖ ಒಂದರಲ್ಲಿ, ಅದಕ್ಕೆ ಅವರು ಮಾಡಿದ ಕೆಲಸ ಇನ್ನೊಂದರಲ್ಲಿ. ಮಕ್ಕಳೇ ತುಂಬಲಿ. 1893ರ ಜಗಳ ಬಂದಾಗ ತೀರ್ಪು ಹೇಳಲು ಆತುರ ಬೇಡ. ಎರಡೂ ಕಡೆಯ ಮಾತನ್ನು ಮಕ್ಕಳಿಂದಲೇ ಆಡಿಸಿ. ಎಲ್ಲ ಮತದ ಮಕ್ಕಳೂ ಕುಳಿತ ತರಗತಿಯಲ್ಲಿ ಈ ಬದುಕನ್ನು ಮುಚ್ಚುಮರೆಯಿಲ್ಲದೆ ಹೇಳಲು ಅದೇ ದಾರಿ.