ಸುಸನ್ನಾ ಹೂವು

ಇಂಡೋನೇಷ್ಯಾ ದೇಶದಲ್ಲಿ ಅಂಬೋನ್ ಎಂಬ ಚಿಕ್ಕ ದ್ವೀಪವಿದೆ. ಅದು ಭೂಮಧ್ಯರೇಖೆಯ ಹತ್ತಿರವಿದೆ. ಆದುದರಿಂದ ಅಲ್ಲಿ ಬಿಸಿಲೂ ಮಳೆಯೂ ಧಾರಾಳ. ಆ ದ್ವೀಪದ ನೆಲದಲ್ಲಿ ಒಂದು ಬಗೆಯ ಆರ್ಕಿಡ್ ಗಿಡ ಬೆಳೆಯುತ್ತದೆ. ಅದರ ಹೂವು ಅಚ್ಚ ಬಿಳಿ. ಹೂವಿನ ಅಂಚು ಜಾಲರಿಯಂತೆ ಸೀಳಿರುತ್ತದೆ. ಅದಕ್ಕೆ ಸುಸನ್ನಾ ಹೂವು ಎಂಬ ಹೆಸರಿಟ್ಟವರು ರಂಫಿಯಸ್.

ರಂಫಿಯಸ್ 1627ರಲ್ಲಿ ಜರ್ಮನಿಯಲ್ಲಿ ಜನಿಸಿದರು. ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯನ್ನು ಸೇರಿ, ಹಡಗು ಹತ್ತಿ ದೂರದ ಅಂಬೋನಿಗೆ ಬಂದರು. ಕಂಪೆನಿ ಅಲ್ಲಿ ಲವಂಗದ ವ್ಯಾಪಾರ ಮಾಡುತ್ತಿತ್ತು. ರಂಫಿಯಸರಿಗೆ ಗಿಡಮರಗಳ ಮೇಲೆ ಬಲು ಆಸಕ್ತಿ. ಬಿಡುವಿನಲ್ಲಿ ಅವರು ಕಾಡುಮೇಡು ಅಲೆಯುತ್ತಿದ್ದರು. ಎಲೆ, ಹೂ, ಕಾಯಿಗಳನ್ನು ಗಮನಿಸುತ್ತಿದ್ದರು. ಊರಿನವರು ಗಿಡವನ್ನು ಏನೆಂದು ಕರೆಯುತ್ತಾರೆ, ಅದು ಯಾವುದಕ್ಕೆ ಮದ್ದು ಎಂದು ಕೇಳಿ ಬರೆದಿಡುತ್ತಿದ್ದರು. ಗಿಡಗಳನ್ನು ಹುಡುಕಲು ಪತ್ನಿ ಸುಸನ್ನಾ ನೆರವಾಗುತ್ತಿದ್ದರು. ಆ ಬಿಳಿಯ ಹೂವನ್ನು ಅವರಿಗೆ ಮೊದಲು ತೋರಿಸಿದವರು ಸುಸನ್ನಾ.

1670ರಲ್ಲಿ ರಂಫಿಯಸರ ಕಣ್ಣುಗಳು ಕುರುಡಾದವು. ಅವರಿಗಿನ್ನೂ ನಲವತ್ತೆರಡು ವರ್ಷ. ಗಿಡಗಳ ಪುಸ್ತಕ ಅರ್ಧದಲ್ಲಿತ್ತು. ಆದರೂ ಅವರು ಕೈಚೆಲ್ಲಿ ಕೂರಲಿಲ್ಲ. ಅವರು ಹೇಳುತ್ತಾ ಹೋದರು, ಸಹಾಯಕರು ಬರೆಯುತ್ತಾ ಹೋದರು.

1674ರ ಫೆಬ್ರವರಿಯಲ್ಲಿ ಅಂಬೋನಿನಲ್ಲಿ ಭಾರಿ ಭೂಕಂಪವಾಯಿತು. ಗೋಡೆ ಕುಸಿದು ಸುಸನ್ನಾ ಮತ್ತು ಮಗಳು ತೀರಿಕೊಂಡರು. ರಂಫಿಯಸರ ದುಃಖಕ್ಕೆ ಪಾರವಿರಲಿಲ್ಲ. ಪತ್ನಿಯ ನೆನಪು ಉಳಿಯಲೆಂದು ಅವರು ಆ ಬಿಳಿಯ ಹೂವಿಗೆ ಅವಳ ಹೆಸರನ್ನೇ ಇಟ್ಟರು.

ಕಷ್ಟಗಳು ಅಲ್ಲಿಗೇ ಮುಗಿಯಲಿಲ್ಲ. 1687ರಲ್ಲಿ ಬೆಂಕಿ ಬಿದ್ದು ಪುಸ್ತಕದ ಚಿತ್ರಗಳು ಸುಟ್ಟುಹೋದವು. ಅವರು ಚಿತ್ರಗಳನ್ನು ಮತ್ತೆ ಬರೆಸಿದರು. ಸಿದ್ಧವಾದ ಭಾಗವನ್ನು ಯುರೋಪಿಗೆ ಕಳುಹಿಸಿದರು. ಆದರೆ 1692ರಲ್ಲಿ ಫ್ರೆಂಚರು ಆ ಹಡಗನ್ನು ಮುಳುಗಿಸಿದರು. ಪುಣ್ಯಕ್ಕೆ ಅದರ ಒಂದು ಪ್ರತಿ ಬಟೇವಿಯಾ ನಗರದಲ್ಲಿ ಉಳಿದಿತ್ತು. ಅದೇ ಇಂದಿನ ಜಕಾರ್ತಾ. ರಂಫಿಯಸ್ ಉಳಿದ ಭಾಗಗಳನ್ನೂ ಬರೆಸಿ ಮುಗಿಸಿದರು.

ರಂಫಿಯಸ್ 1702ರಲ್ಲಿ ಅಂಬೋನಿನಲ್ಲೇ ನಿಧನರಾದರು. ಆಗ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. 1741ರಿಂದ ಅದು ಒಂದೊಂದೇ ಸಂಪುಟವಾಗಿ ಹೊರಬಂತು. ಸುಮಾರು 1200 ಗಿಡಮರಗಳ ವಿವರ ಅದರಲ್ಲಿದೆ. ಸಸ್ಯಗಳನ್ನು ಅಭ್ಯಾಸ ಮಾಡುವವರು ಇಂದಿಗೂ ಅದನ್ನು ನೋಡುತ್ತಾರೆ.

ಆ ಬಿಳಿಯ ಹೂವಿನ ವೈಜ್ಞಾನಿಕ ಹೆಸರಿನಲ್ಲಿ ಸುಸನ್ನಾಳ ಹೆಸರು ಇಂದಿಗೂ ಸೇರಿಕೊಂಡಿದೆ.

ಉತ್ತರ ಹೇಳಿರಿ:
1. ರಂಫಿಯಸ್ ಗಿಡಗಳ ಬಗ್ಗೆ ಯಾವ ವಿಷಯಗಳನ್ನು ಬರೆದಿಡುತ್ತಿದ್ದರು?
2. ಪುಸ್ತಕ ಬರೆಯುವಾಗ ಅವರಿಗೆ ಒದಗಿದ ಕಷ್ಟಗಳು ಯಾವುವು?
3. ನಿಮ್ಮ ಊರಿನ ಒಂದು ಹೂಗಿಡವನ್ನು ಗಮನಿಸಿ, ಐದು ವಾಕ್ಯ ಬರೆಯಿರಿ.